ಹಲ್ಲು ಕೀಳಿಸಿದ ಮೇಲೆ ಕೆಳದವಡೆಯ ಎಕ್ಸ್‌ರೇ ನೋಡುವ ಬಗೆ

ಕೆಳಗಿನ ಹಲ್ಲುಗಳನ್ನು ಕೀಳಿಸಿ ಎಷ್ಟೋ ವರ್ಷಗಳಾದ ಮೇಲೆ ಹಲ್ಲಿನ ಸೆಟ್ಟನ್ನೋ ಮೂಳೆಗೆ ತಿರುಪಿನಂತೆ ಕೂರಿಸುವ ಇಂಪ್ಲಾಂಟನ್ನೋ ಹಾಕಿಸಿಕೊಳ್ಳಲು ಹೋದವರು ‘ನರ ಮೇಲಕ್ಕೆ ಬಂದಿದೆ’ ಎಂಬ ಮಾತನ್ನು ಕೇಳುವುದುಂಟು. ಆದರೆ ದವಡೆಯ ಮೂಳೆಯೊಳಗೆ ನರ ಸಾಗುವ ನಾಳ ಹೆಚ್ಚುಕಡಿಮೆ ಇದ್ದಲ್ಲಿಯೇ ಇರುತ್ತದೆ. ಸವೆದು ಕೆಳಗಿಳಿದಿರುವುದು ಅದರ ಮೇಲಿನ ಮೂಳೆ. ಹಲ್ಲಿನ ಬೇರನ್ನು ಹಿಡಿದಿಡುವ ಈ ಮೂಳೆ, ಅಗಿಯುವಾಗ ಬೇರಿನ ಮೂಲಕ ಬರುವ ಒತ್ತಡ ನಿಂತ ಮೇಲೆ ಕರಗತೊಡಗುತ್ತದೆ. ಮೊದಲ ವರ್ಷದಲ್ಲಿ ಅದರ ಅಗಲ ಸುಮಾರು ಅರ್ಧದಷ್ಟು ಕುಗ್ಗಬಹುದು, ಅದರಲ್ಲಿ ಹೆಚ್ಚಿನ ಪಾಲು ಮೊದಲ 3 ತಿಂಗಳಲ್ಲೇ ಹೋಗುತ್ತದೆ.

ಓಪಿಜಿ, ಅಂದರೆ ಇಡೀ ದವಡೆಯನ್ನು ಒಂದೇ ಚಿತ್ರದಲ್ಲಿ ತೋರಿಸುವ ಎಕ್ಸ್‌ರೇ ಫಿಲ್ಮನ್ನು ಬೆಳಕಿಗೆ ಹಿಡಿದಾಗ, ದವಡೆಯ ಹಿಂಭಾಗದಿಂದ ಮುಂದಕ್ಕೆ ಬಾಗಿ ಇಳಿಯುವ ಎರಡು ತೆಳುವಾದ ಬಿಳಿ ಗೆರೆಗಳನ್ನು ಮೊದಲು ಹುಡುಕಿ. ಅವುಗಳ ನಡುವಿನ ಕಪ್ಪು ಪಟ್ಟಿಯೇ ನರದ ನಾಳ. ಕೋರೆಹಲ್ಲಿನ ಹಿಂದಿದ್ದ ಚಿಕ್ಕ ದವಡೆಹಲ್ಲುಗಳ ಜಾಗದಲ್ಲಿ, ಮೆಂಟಲ್ ಫೊರಾಮೆನ್ ಎಂಬ ರಂಧ್ರದ ಮೂಲಕ, ಕೆಳತುಟಿ ಮತ್ತು ಗದ್ದಕ್ಕೆ ಸ್ಪರ್ಶಜ್ಞಾನ ಕೊಡುವ ನರ ಹೊರಗೆ ಬರುತ್ತದೆ.

ಈಗ ಆ ರಂಧ್ರದ ಕೆಳ ಅಂಚಿನಿಂದ ದವಡೆಯ ಕೆಳ ಅಂಚಿನವರೆಗೆ ಅಳೆಯಿರಿ. ಅದನ್ನು 3ರಿಂದ ಗುಣಿಸಿದರೆ ಹಲ್ಲಿದ್ದ ಕಾಲದ ದವಡೆಯ ಎತ್ತರ ಸ್ಥೂಲವಾಗಿ ಸಿಗುತ್ತದೆ. ಅಳತೆ 12 ಮಿ.ಮೀ. ಬಂದರೆ ಮೊದಲಿನ ಎತ್ತರ 36. ಅದೇ ಜಾಗದಲ್ಲಿ ಈಗ 18 ಮಾತ್ರ ಇದ್ದರೆ ಅರ್ಧ ಎತ್ತರ ಹೋಗಿದೆ ಎಂದು ತಿಳಿಯಬೇಕು.

ಓಪಿಜಿಯಲ್ಲಿ ಚಿತ್ರ ನಿಜವಾದ ಗಾತ್ರಕ್ಕಿಂತ ದೊಡ್ಡದಾಗಿ ಮೂಡುತ್ತದೆ ಮತ್ತು ಮೂಳೆಯ ಅಗಲ ಅದರಲ್ಲಿ ಕಾಣುವುದೇ ಇಲ್ಲ. ಆದ್ದರಿಂದ ಕೆಳದವಡೆಯ ಹಿಂಭಾಗದಲ್ಲಿ ಇಂಪ್ಲಾಂಟ್ ಹಾಕಿಸುವವರು, ಅದರಲ್ಲೂ ಮೂಳೆ ಬಹಳ ಸವೆದವರು, ಮೂಳೆಯನ್ನು ಮೂರು ಆಯಾಮಗಳಲ್ಲಿ ತೋರಿಸುವ ಸಿಬಿಸಿಟಿ ಸ್ಕ್ಯಾನ್ ಮಾಡಿಸಲೇಬೇಕೆಂಬುದು ನನ್ನ ದೃಢ ಅಭಿಪ್ರಾಯ. ಇಂಪ್ಲಾಂಟಿನ ತುದಿಗೂ ನಾಳಕ್ಕೂ ನಡುವೆ ಕನಿಷ್ಠ 2 ಮಿ.ಮೀ. ಮೂಳೆ ಉಳಿಯುವುದೇ ಎಂದು ವೈದ್ಯರನ್ನು ಕೇಳಿ, ಪರದೆಯ ಮೇಲೆ ತೋರಿಸುವಂತೆ ಹೇಳಿ. ಈ ಅಂತರ ತಪ್ಪಿ ನರಕ್ಕೆ ಪೆಟ್ಟಾದರೆ ತುಟಿಯ ಮರಗಟ್ಟುವಿಕೆ ಕೆಲವರಲ್ಲಿ ಶಾಶ್ವತವಾಗಿ ಉಳಿದುಬಿಡುತ್ತದೆ.

ಮೂಳೆ ತೀರಾ ಸವೆದವರಲ್ಲಿ ನರ ಹೊರಬರುವ ಆ ರಂಧ್ರ ಒಸಡಿನ ದಿಣ್ಣೆಯ ಮೇಲೆಯೇ ಬಂದು ನಿಂತಿರುತ್ತದೆ. ತೊಳೆದ ಬೆರಳಿನಿಂದ ಅಲ್ಲಿ ಮೆಲ್ಲಗೆ ಒತ್ತಿದರೆ ತುಟಿಯವರೆಗೆ ಜುಮ್ಮೆನ್ನುತ್ತದೆ. ಸೆಟ್ಟು ಹಾಕಿ ಅಗಿಯುವಾಗಲೂ ಹಾಗೆಯೇ ಆಗುತ್ತಿದ್ದರೆ ‘ಹೊಸ ಸೆಟ್ಟು, ರೂಢಿಯಾಗುತ್ತದೆ’ ಎಂದು ಸಹಿಸಿಕೊಳ್ಳಬೇಡಿ; ಜುಮ್ಮೆನ್ನುವ ಜಾಗವನ್ನು ವೈದ್ಯರಿಗೆ ತೋರಿಸಿ, ಸೆಟ್ಟಿನ ಒಳಮೈಯನ್ನು ಅಷ್ಟು ಭಾಗದಲ್ಲಿ ತೇಯಿಸಿಕೊಳ್ಳಿ.