ಸ್ಪ್ರಿಂಗನ್ನು ನೀರಿಗೆ ಹಾಕಿದ ಮೇಲೆ: ಕಾರವಾರದ ಮಳೆಗಾಲ ಮತ್ತು ನನ್ನ ಏರ್ ಪಿಸ್ತೂಲುಗಳು

ಏರ್ ಪಿಸ್ತೂಲಿನ ಟ್ರಿಗರ್ ಸ್ಪ್ರಿಂಗುಗಳನ್ನು ಬಿಸಿನೀರಿನಲ್ಲಿ ತೊಳೆಯುತ್ತೇನೆ ಎಂದಾಗ ನಕ್ಕವರಲ್ಲಿ ನನ್ನ ಶಿಷ್ಯರೂ ಇದ್ದರು, ಬೆಂಗಳೂರಿನ ಅನುಭವಿ ತರಬೇತುದಾರರೂ ಇದ್ದರು. "ತುಕ್ಕು ಹಿಡಿಯಬಾರದು ಎಂದು ನೀರಿಗೆ ಹಾಕುತ್ತೀರಾ ಸರ್?" ಎಂದು ಒಬ್ಬ ಹುಡುಗ ಎಲ್ಲರೆದುರೇ ಕೇಳಿದ. ಅವನ ಪಿಸ್ತೂಲಿನ ಜವಾಬ್ದಾರಿ ಅಂದಿನಿಂದ ನನ್ನದೇ. ಎರಡು-ಮೂರು ಮಳೆಗಾಲ ಕಳೆದಿವೆ, ಒಂದು ಸ್ಪ್ರಿಂಗನ್ನೂ ಬದಲಿಸಿಲ್ಲ. ಅದಕ್ಕೂ ಮೊದಲು ಶ್ರಾವಣ ಮುಗಿಯುವುದರೊಳಗೆ ಒಂದಾದರೂ ಮುರಿಯುತ್ತಿತ್ತು.

ನಾನು ಮುಟ್ಟುವುದು 10 ಮೀಟರ್ ಸ್ಪರ್ಧೆಯ 4.5 ಮಿ.ಮೀ. ಏರ್ ಪಿಸ್ತೂಲನ್ನು ಮಾತ್ರ. ಪಿಸ್ತೂಲು ರಿಪೇರಿ ಎಂಬ ಸುದ್ದಿ ಹರಡಿದ ಮೇಲೆ ಘಟ್ಟದ ಮೇಲಿನ ಅಡಿಕೆ ತೋಟಿಗರು ತಮ್ಮ ಬೆಳೆರಕ್ಷಣೆಯ ಕೋವಿಗಳ ಬಗ್ಗೆಯೂ ಕೇಳತೊಡಗಿದರು. ಚುನಾವಣೆ ಬಂತೆಂದು ಠಾಣೆಯಲ್ಲಿ ಒಪ್ಪಿಸಿದ ಕೋವಿ ತುಕ್ಕು ಹಿಡಿದು ಮರಳುತ್ತದೆ ಎಂಬ ಅವರ ದೂರಿನಲ್ಲಿ ಹುರುಳಿದೆ. ಆದರೆ ಅದು ಪರವಾನಗಿ ಇರುವ ರಿಪೇರಿಯವರ ಕೆಲಸ, ನನ್ನದಲ್ಲ. ಚಹಾ ಕೊಟ್ಟು ಕಳಿಸುತ್ತೇನೆ.

ಕಾರವಾರದಲ್ಲಿ ಜೂನ್ ಕಾಲಿಟ್ಟರೆ ಬೀರುವಿನೊಳಗಿನ ಚರ್ಮದ ಬೆಲ್ಟಿಗೂ ಬೂಸಲು ಬರುತ್ತದೆ. ನಾವು ಅಭ್ಯಾಸ ಮಾಡುವ ಕೋಣೆಯ ಕಿಟಕಿ ಸಮುದ್ರದ ಕಡೆಗೇ ಇದೆ. ಎಲ್ಲರಂತೆ ನಾನೂ ಎಣ್ಣೆಯನ್ನು ನಂಬಿದ್ದೆ. ವಾರಕ್ಕೊಮ್ಮೆ ಎಣ್ಣೆ, ಮಳೆ ಜೋರಾದರೆ ಇನ್ನಷ್ಟು ಎಣ್ಣೆ. ಆದರೂ ಟ್ರಿಗರ್ ಒತ್ತುವವರೆಗೆ ಹ್ಯಾಮರನ್ನು, ಅಂದರೆ ಗಾಳಿಯ ಕವಾಟಕ್ಕೆ ಬಡಿಯುವ ಸುತ್ತಿಗೆಯನ್ನು, ತಡೆದು ಹಿಡಿಯುವ ಸಿಯರ್ ಎಂಬ ಕೊಂಡಿಯ ಸ್ಪ್ರಿಂಗ್ ಮುರಿಯುವುದು ತಪ್ಪಲಿಲ್ಲ. ವಾಚ್ ರಿಪೇರಿಯವರ ಹತ್ತು ಪಟ್ಟಿನ ಮಸೂರ ಕಣ್ಣಿಗಿಟ್ಟು ಮುರಿದ ತುದಿಯನ್ನು ನೋಡಿದರೆ ಪ್ರತಿ ಸಲವೂ ಕಾಣುತ್ತಿದ್ದದ್ದು ಒಂದೇ: ತಂತಿ ಬಾಗಿ ಕೊಕ್ಕೆಯಾಗುವ ತಿರುವಿನ ಒಳಮೈಯಲ್ಲಿ ಸೂಜಿಮೊನೆಯಷ್ಟು ಕಪ್ಪು ಕುಳಿ, ಅಲ್ಲಿಂದ ಹೊರಟ ಬಿರುಕು. ಕುಳಿಯ ಮೇಲೆ ಎಣ್ಣೆ ಮಾತ್ರ ಫಳಫಳ ಹೊಳೆಯುತ್ತಿರುತ್ತಿತ್ತು.

ಖರ್ಚಿನ ಲೆಕ್ಕವನ್ನೂ ಹೇಳಬೇಕು. ಹೊರದೇಶದಿಂದ ಬರುವ ಒಂದು ಸಣ್ಣ ಸ್ಪ್ರಿಂಗಿಗೆ ಆರುನೂರೋ ಏಳುನೂರೋ ರೂಪಾಯಿ. ದೆಹಲಿಯ ವ್ಯಾಪಾರಿಯ ಲಾಭ, ತೆರಿಗೆ, ಅಂಚೆ ಸೇರಿ ನಮ್ಮ ಕೈಗೆ ಬರುವಾಗ ಸಾವಿರದೈನೂರರ ಹತ್ತಿರ. ಬರಲು ಮೂರು-ನಾಲ್ಕು ವಾರ, ಅಷ್ಟರಲ್ಲಿ ಸ್ಪರ್ಧೆಯೇ ಮುಗಿದಿರುತ್ತಿತ್ತು. ದೊಡ್ಡ ಊರಿನ ಒಂದು ರಿಪೇರಿ ಅಂಗಡಿಗೆ ಇಡೀ ಪಿಸ್ತೂಲನ್ನೇ ಒಪ್ಪಿಸಿದ್ದೂ ಉಂಟು. ಪಾರ್ಸೆಲ್ಲಿನೊಳಗೆ ಪಿಸ್ತೂಲಿದೆ ಎಂದ ಕೂಡಲೇ ಕೊರಿಯರಿನವರು ಹಿಂದೆ ಸರಿದರು. ಕಾಗದಪತ್ರ ಜೊತೆಗಿಟ್ಟುಕೊಂಡು, ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಅರಬೈಲ್ ಘಟ್ಟದ ತಿರುವುಗಳಲ್ಲಿ ಬಸ್ಸಿನಲ್ಲಿ ತೂಗಾಡುತ್ತಾ ಹುಬ್ಬಳ್ಳಿಗೆ ಹೋಗಿ, ಅಲ್ಲಿಂದ ಮುಂದಕ್ಕೆ ಹೋದೆ. ನಾಲ್ಕೂವರೆ ಸಾವಿರ ತೆಗೆದುಕೊಂಡು ಹೊಸ ಸ್ಪ್ರಿಂಗ್ ಹಾಕಿ, ಧಾರಾಳವಾಗಿ ಎಣ್ಣೆ ಬಿಟ್ಟು ಕೊಟ್ಟರು. ಮುಂದಿನ ಆಗಸ್ಟಿನಲ್ಲಿ ಅದೇ ಜಾಗದಲ್ಲಿ ಮುರಿಯಿತು.

ದಾರಿ ತೋರಿಸಿದ್ದು ನಮ್ಮ ಅಕ್ಕಸಾಲಿ ಗೆಳೆಯರಾದ ಶೇಟರು. ತಂತಿ, ಬೆಸುಗೆ, ಸಣ್ಣ ತಕ್ಕಡಿ ಎಂದು ಅವರ ಅಂಗಡಿಯಲ್ಲಿ ನಾನು ಕೂರುವುದು ಹೆಚ್ಚು. ಮುರಿದ ಸ್ಪ್ರಿಂಗನ್ನು ತಿರುಗಿಸಿ ನೋಡಿ, "ಎಣ್ಣೆಯ ಕೆಳಗೆ ಉಪ್ಪು ಕೂತಿದ್ದರೆ ಮೇಲೆ ಎಷ್ಟು ಎಣ್ಣೆ ಸುರಿದರೇನು?" ಎಂದರು. ಉಪ್ಪಿದೆ ಎಂದು ತಿಳಿಯುವುದು ಹೇಗೆ ಎಂದು ಕೇಳಿದೆ. ಬೆಳ್ಳಿಯನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿದ ದ್ರಾವಣ, ಅಂದರೆ ಸಿಲ್ವರ್ ನೈಟ್ರೇಟ್, ಅವರ ಬಳಿ ಇದ್ದೇ ಇರುತ್ತದೆ. ಸ್ಪ್ರಿಂಗನ್ನು ಚಮಚದಷ್ಟು ಬ್ಯಾಟರಿ ನೀರಿನಲ್ಲಿ (ಲವಣ ತೆಗೆದ ಶುದ್ಧ ನೀರು) ಅಲ್ಲಾಡಿಸಿ, ಆ ನೀರನ್ನು ಗಾಜಿನ ಬಟ್ಟಲಿಗೆ ಹಾಕಿ, ಕಪ್ಪು ಬಟ್ಟೆಯ ಮೇಲಿಟ್ಟು ಒಂದು ಹನಿ ಬಿಟ್ಟರು. ಹನಿ ಬಿದ್ದಲ್ಲಿಂದ ಬಿಳಿ ಎಳೆಗಳು ಇಳಿದವು, ನೋಡನೋಡುತ್ತ ಇಡೀ ನೀರು ಮಜ್ಜಿಗೆಯ ತಿಳಿಯಂತಾಯಿತು. ಬರಿಯ ಬ್ಯಾಟರಿ ನೀರಿಗೆ ಅದೇ ಹನಿ ಬಿಟ್ಟರೆ ಏನೂ ಆಗಲಿಲ್ಲ. ಕೈಗವಸು ಹಾಕಿಕೊಳ್ಳಿ, ಆ ದ್ರಾವಣ ತಾಗಿದ ಬೆರಳು ವಾರಗಟ್ಟಲೆ ಕಪ್ಪಗಿರುತ್ತದೆ.

ಅಡುಗೆಯ ಉಪ್ಪು ನೀರನ್ನು ಎಳೆದುಕೊಳ್ಳಲು ಗಾಳಿಯಲ್ಲಿ ಶೇಕಡಾ 75ರಷ್ಟು ತೇವ ಬೇಕು. ಸಮುದ್ರದ ಉಪ್ಪಿನಲ್ಲಿರುವ ಮೆಗ್ನೀಸಿಯಮ್ ಕ್ಲೋರೈಡಿಗೆ ಅದರ ಅರ್ಧಕ್ಕಿಂತ ಕಡಿಮೆ ಸಾಕು. ಹಾಗಾಗಿ ನಮ್ಮಲ್ಲಿ ಅದು ಬೇಸಿಗೆಯಲ್ಲೂ ಒಣಗುವುದಿಲ್ಲ, ತುಕ್ಕು ಹಿಡಿಸುವುದು ಆ ತೇವವೇ.

ನನ್ನ ಮಾತನ್ನು ಎಲ್ಲರಿಗಿಂತ ಹೆಚ್ಚು ಅನುಮಾನಿಸಿದವರು ಶಿರಸಿಯ ಗೆಳೆಯರು, ಅಲ್ಲಿ ಮಕ್ಕಳಿಗೆ ತರಬೇತಿ ಕೊಡುವವರು. "ಅದು ನಿಮ್ಮ ಕರಾವಳಿಯ ರೋಗ. ಘಟ್ಟದ ಮೇಲೆ ಉಪ್ಪುಗಾಳಿ ಎಲ್ಲಿಂದ ಬರಬೇಕು ಮಾರಾಯರೇ?" ಎಂದರು. ಅವರ ಪಿಸ್ತೂಲಿನ ಟ್ರಿಗರ್ ಸ್ಪ್ರಿಂಗುಗಳನ್ನೇ ಬಿಚ್ಚಿ ಅವರ ಮುಂದೆಯೇ ಹನಿ ಬಿಟ್ಟೆ. ಬೆಳ್ಳಗಾಯಿತು, ನಮ್ಮದಕ್ಕಿಂತ ಸ್ವಲ್ಪ ತೆಳ್ಳಗೆ ಅಷ್ಟೆ. ಆ ಉಪ್ಪು ಸಮುದ್ರದ್ದಲ್ಲ, ಅಂಗೈಯದ್ದು. ಸ್ಪರ್ಧೆಯ 60 ಗುಂಡುಗಳಿಗೆ 75 ನಿಮಿಷ. ಅಷ್ಟು ಹೊತ್ತು ಹಿಡಿದ ಮರದ ಹಿಡಿ ಬೆವರು ಕುಡಿಯುತ್ತದೆ, ಹಿಡಿಯ ಸಂದಿನಿಂದ ಅದು ಟ್ರಿಗರ್ ಗೂಡಿಗೆ ಇಳಿಯುತ್ತದೆ. ಅವರು ಈಗ ನನಗಿಂತ ಹೆಚ್ಚು ತೊಳೆಯುತ್ತಾರೆ.

ತೊಳೆಯುವ ಕ್ರಮ ಸರಳ. ಗಾಳಿಯ ಸಿಲಿಂಡರ್ ಕಳಚಿ, ನಳಿಗೆಯಲ್ಲಿ ಪೆಲೆಟ್ (ಸೀಸದ ಪುಟ್ಟ ಗುಂಡು) ಇಲ್ಲವೆಂದು ಕಣ್ಣಾರೆ ಕಂಡು, ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೇ ಸ್ಪ್ರಿಂಗುಗಳನ್ನು ಬಿಡಿಸುವುದು ನಿಮಗೆಲ್ಲ ಗೊತ್ತಿರುವುದೇ. ಹಳೆಯ ಎಣ್ಣೆಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ತೆಗೆಯಬೇಕು. ಎಣ್ಣೆ ಇದ್ದರೆ ನೀರು ಎಲ್ಲ ಉಪ್ಪನ್ನೂ ಮುಟ್ಟುವುದಿಲ್ಲ. ನೀರು ಹಾಕಿ ನೋಡಿದೆವು, ಆಗಲಿಲ್ಲ ಎನ್ನುವವರು ಎಡವುವುದು ಇಲ್ಲಿಯೇ. ಆಮೇಲೆ ಬಿಸಿ ಬ್ಯಾಟರಿ ನೀರು, ಬದಲಿಸಿ ಬದಲಿಸಿ, ಬೆಳ್ಳಿಯ ಹನಿಗೆ ಬಿಳುಪು ಕಾಣದಷ್ಟು ಸಲ. ಬಾವಿಯ ನೀರು ಬೇಡ, ನಮ್ಮ ಕಡೆಯ ಬಾವಿ ನೀರಿಗೆ ಹನಿ ಬಿಟ್ಟರೆ ಅದೇ ಬೆಳ್ಳಗಾಗುತ್ತದೆ. ಕೊನೆಯ ನೀರಿನಿಂದ ಎತ್ತಿದ ಕೂಡಲೇ ಮತ್ತೆ ಆಲ್ಕೊಹಾಲು, ಅದು ಉಳಿದ ನೀರನ್ನು ಹೊತ್ತುಕೊಂಡು ಹಾರಿಹೋಗುತ್ತದೆ. ತಲೆಗೂದಲು ಒಣಗಿಸುವ ಯಂತ್ರದ ಬಿಸಿಗಾಳಿ, ನಂತರ ಎಣ್ಣೆ. ನೀರಿಗೂ ಎಣ್ಣೆಗೂ ನಡುವೆ ಫೋನ್ ಬಂದರೆ ಎತ್ತಬೇಡಿ. ರಬ್ಬರಿನ ಸೀಲುಗಳು ಈ ಸ್ನಾನಕ್ಕೆ ಬರಕೂಡದು. ಐದು ಲೀಟರ್ ಬ್ಯಾಟರಿ ನೀರಿಗೆ ನೂರು ಚಿಲ್ಲರೆ, ಒಂದು ಪಿಸ್ತೂಲಿಗೆ ಒಟ್ಟು ಹದಿನೈದು-ಇಪ್ಪತ್ತು ರೂಪಾಯಿಯ ಸಾಮಾನು. ನಾನು ತೆಗೆದುಕೊಳ್ಳುವುದು ಮುನ್ನೂರು.

ಎಣ್ಣೆ ಯಾವುದು ಎಂದು ಎಲ್ಲರೂ ಕೇಳುತ್ತಾರೆ. ಹೊಲಿಗೆ ಯಂತ್ರದ ತೆಳು ಎಣ್ಣೆಯೇ ಆಧಾರ. ಅದಕ್ಕೆ ಇನ್ನೊಂದನ್ನು ಬೆರೆಸುತ್ತೇನೆ. ಅದೇನು, ಎಷ್ಟು ಎಂಬುದು ಸದ್ಯಕ್ಕೆ ನನ್ನ ಬಳಿಯೇ ಇರಲಿ. ಯಾವುದು ಬೇಡ ಎಂದು ಮಾತ್ರ ಹೇಳಬಲ್ಲೆ: ತೆಂಗಿನೆಣ್ಣೆ. ಕಾರವಾರದ ಸೆಖೆಯಲ್ಲಿ ಅದು ಚೆನ್ನಾಗಿಯೇ ಹರಿಯುತ್ತದೆ. ಡಿಸೆಂಬರಿನ ಬೆಳಗ್ಗೆ ಶಿರಸಿಯಲ್ಲಿ ಸ್ಪರ್ಧೆಯಿದ್ದಾಗ ನಮ್ಮ ಹುಡುಗಿಯೊಬ್ಬಳ ಟ್ರಿಗರ್ ಒತ್ತಿದ ಮೇಲೆ ಮರಳಿ ಬರಲೇ ಇಲ್ಲ. ಸ್ಪ್ರಿಂಗ್ ಸತ್ತಿದೆ ಎಂದು ಸುತ್ತ ನಿಂತವರೆಲ್ಲ ತೀರ್ಪು ಕೊಟ್ಟರು. ತೆಂಗಿನೆಣ್ಣೆ 24 ಡಿಗ್ರಿಯ ಆಸುಪಾಸಿನಲ್ಲಿ ಹೆರೆಯುತ್ತದೆ. ಮನೆಯಲ್ಲಿ ಅವಳ ಅಜ್ಜ ಪ್ರೀತಿಯಿಂದ ಬಿಟ್ಟಿದ್ದ ಎಣ್ಣೆ ಟ್ರಿಗರ್ ಗೂಡಿನಲ್ಲಿ ಬೆಳ್ಳಗೆ ಗಟ್ಟಿಯಾಗಿ ಕುಳಿತಿತ್ತು. ಅಂಗೈ ನಡುವೆ ಬಿಸಿ ಮಾಡಿಕೊಟ್ಟೆ, ಹೊಡೆದಳು.

ಸ್ಪ್ರಿಂಗಿನ ಮೇಲೆ ಹೊರಿಸುವ ಆರೋಪಗಳಲ್ಲಿ ಮುಕ್ಕಾಲು ಪಾಲು ಸುಳ್ಳು. ಅದನ್ನು ತೋರಿಸಲೆಂದೇ ಅಳೆಯುವ ಸಾಧನ ಮಾಡಿಕೊಂಡಿದ್ದೇನೆ. ಡ್ರಿಲ್ ಸ್ಟ್ಯಾಂಡ್, ಅದರ ಕೆಳಗೆ ಶೇಟರ ಹಳೆಯ ಡಿಜಿಟಲ್ ತಕ್ಕಡಿ, ಡ್ರಿಲ್ಲಿನ ಜಾಗದಲ್ಲಿ ಚಪ್ಪಟೆ ತುದಿಯ ಉಕ್ಕಿನ ಕಡ್ಡಿ. ಪಿಸ್ತೂಲಿನೊಳಗೆ ಸ್ಪ್ರಿಂಗ್ ಎಷ್ಟು ಉದ್ದಕ್ಕೆ ಅದುಮಿ ಕೂತಿರುತ್ತದೋ ಅಷ್ಟೇ ಉದ್ದಕ್ಕೆ ವರ್ನಿಯರ್ ಹಿಡಿದು ಅದುಮುವುದು, ಗ್ರಾಂ ಓದುವುದು, ಪುಸ್ತಕದಲ್ಲಿ ಬರೆಯುವುದು. ತಕ್ಕಡಿ ಸ್ವಲ್ಪ ತಗ್ಗುತ್ತದೆ, ಆದ್ದರಿಂದ ಅದುಮಿದ ಮೇಲೆ ಇನ್ನೊಮ್ಮೆ ಉದ್ದ ನೋಡಬೇಕು. ಹ್ಯಾಮರ್ ಸ್ಪ್ರಿಂಗಿಗೆ ಆ ತಕ್ಕಡಿ ಸಾಲದು, ಅಡುಗೆಮನೆಯದ್ದು ಬೇಕಾಗುತ್ತದೆ. ಅದಕ್ಕಾಗಿ ಮನೆಯಲ್ಲಿ ಜಗಳವೂ ಆಗಿದೆ. ಹೊಸ ಸ್ಪ್ರಿಂಗಿನ ಅಂಕಿಗೂ ಹಳೆಯದರ ಅಂಕಿಗೂ ಶೇಕಡಾ ನಾಲ್ಕೈದರ ವ್ಯತ್ಯಾಸವಿದ್ದರೆ ನಾನು ಮುಟ್ಟುವುದಿಲ್ಲ. ಹತ್ತು ದಾಟಿದರೆ ಬದಲಿಸುತ್ತೇನೆ.

ಈ ಪುಸ್ತಕ ಒಮ್ಮೆ ಚೆನ್ನಾಗಿ ಕೆಲಸಕ್ಕೆ ಬಂತು. ಸ್ಪರ್ಧೆಗೆ ಮುಂಚಿನ ಪರೀಕ್ಷೆಯಲ್ಲಿ ಟ್ರಿಗರ್ 500 ಗ್ರಾಂ ತೂಕವನ್ನು ಎತ್ತಿ ಹಿಡಿಯಬೇಕು. ಒಬ್ಬ ಹುಡುಗನ ಪಿಸ್ತೂಲಿನ ಟ್ರಿಗರ್ ತೂಕ ಎತ್ತುವಾಗಲೇ ಜಾರಿತು. ಟ್ರಿಗರಿನ ಬಿಗಿತ ಹೊಂದಿಸುವ ಸ್ಕ್ರೂ ಯಾರೋ ತಿರುಗಿಸಿದ್ದಾರೆ ಎಂದು ಅಲ್ಲಿದ್ದವರು ಹೇಳಿದರು. ತಿರುಗಿರಲಿಲ್ಲ, ಸ್ಕ್ರೂವಿನ ಮೇಲಿನ ನನ್ನ ಬಣ್ಣದ ಗುರುತು ಹಾಗೆಯೇ ಇತ್ತು. ಸ್ಪ್ರಿಂಗ್ ಬಿಚ್ಚಿ ಅಳೆದರೆ ಕಾಲು ಭಾಗ ಬಲ ಹೋಗಿತ್ತು. ತಂತಿಯ ದಪ್ಪ 0.40 ಮಿ.ಮೀ. ಇದ್ದದ್ದು ತುಕ್ಕು ತಿಂದು 0.37ರಷ್ಟಾಗಿತ್ತು. ಸ್ಪ್ರಿಂಗಿನ ಬಿಗಿತವು ತಂತಿಯ ದಪ್ಪದ ನಾಲ್ಕನೆಯ ಘಾತದಂತೆ ಇಳಿಯುವುದರಿಂದ ಅಷ್ಟೇ ಸವೆತಕ್ಕೆ ಕಾಲು ಭಾಗ ಹೋಗುತ್ತದೆ. ತುಕ್ಕನ್ನು ಉಜ್ಜಿ ಹೊಳಪು ಮಾಡಿ ಮತ್ತೆ ಹಾಕುವವರು ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಲಿ.

ತುಕ್ಕು ತೆಗೆಯುವ ಮಾತು ಬಂದದ್ದರಿಂದ ಮುರುಗಲ ಹಣ್ಣಿನ ಕಥೆಯನ್ನೂ ಹೇಳುತ್ತೇನೆ. ನಮ್ಮಲ್ಲಿ ತಾಮ್ರದ ಹಂಡೆಗೆ ಹುಳಿ ಹಚ್ಚಿ ಬೆಳಗುವುದಿಲ್ಲವೇ, ಹಾಗೆಯೇ ತುಕ್ಕಿನ ಸ್ಪ್ರಿಂಗುಗಳನ್ನು ರಾತ್ರಿಯಿಡೀ ಮುರುಗಲ ಹುಳಿಯಲ್ಲಿ, ಇನ್ನು ಕೆಲವನ್ನು ವಿನೆಗರಿನಲ್ಲಿ ನೆನೆಹಾಕಿದೆ. ಬೆಳಗ್ಗೆ ಎರಡೂ ಬೆಳ್ಳಿಯಂತೆ ಹೊರಬಂದವು. ಮುರುಗಲಿನವು ಬದುಕಿದವು. ವಿನೆಗರಿನವನ್ನು ಅದುಮಿ ಇಟ್ಟಿದ್ದೆ, ಮರುದಿನ ಯಾರೂ ಮುಟ್ಟದೆಯೇ ಎರಡು ಟಣ್ಣೆಂದು ಮುರಿದುಬಿದ್ದವು. ಆಮ್ಲದಿಂದ ಹುಟ್ಟುವ ಹೈಡ್ರೊಜನ್ ಗಡುಸು ಉಕ್ಕಿನೊಳಗೆ ಹೊಕ್ಕು ಅದನ್ನು ಪೆಡಸು ಮಾಡುತ್ತದೆ. ಕೂಡಲೇ 190-200 ಡಿಗ್ರಿಯಲ್ಲಿ ಕೆಲವು ಗಂಟೆ ಕಾಯಿಸಿದರೆ ಅದು ಹೊರಬೀಳುತ್ತದೆ. ಆದರೆ ಐವತ್ತು ರೂಪಾಯಿಯ ವಿದ್ಯುತ್ ಖರ್ಚು ಮಾಡಿ ಉಳಿಸುವುದು ಈಗಾಗಲೇ ಸವೆದ ಸ್ಪ್ರಿಂಗನ್ನು. ನಾನು ಕೈಬಿಟ್ಟೆ. ಮುರುಗಲ ಹುಳಿ ಸಾರಿಗೇ ಇರಲಿ.

ಸ್ವತಃ ಸ್ಪ್ರಿಂಗ್ ಸುತ್ತುವುದನ್ನೂ ಮಾಡಿದ್ದೇನೆ, ಪೆಲೆಟ್ ಹಾಕುವ ಬಾಗಿಲನ್ನು ಹಿಡಿದಿಡುವ ಪುಟ್ಟ ಗೋಲಿಯ ಹಿಂದಿನದ್ದು ಮಾತ್ರ. ಬಾಲ್ ಪೆನ್ನಿನ ಸ್ಪ್ರಿಂಗ್ ಕತ್ತರಿಸಿ ಹಾಕಿದೆ, ಬಾಗಿಲು ಸಡಿಲವಾಯಿತು. ಇನ್ನಷ್ಟು ಸುತ್ತು ಕತ್ತರಿಸಿದರೆ ಗಡುಸಾಗುತ್ತದೆ, ಆದರೆ ಗೂಡಿನಲ್ಲಿ ಕುಣಿಯುತ್ತದೆ. ಗಿಟಾರಿನ ಅತಿ ತೆಳು ತಂತಿ ಸುಮಾರು ಕಾಲು ಮಿ.ಮೀ. ದಪ್ಪದ ಒಳ್ಳೆಯ ಉಕ್ಕು. ಬೇಕಾದ ಅಳತೆಗಿಂತ ಸಣ್ಣ ಕಡ್ಡಿಗೆ ಸುತ್ತಿ, ಬಿಟ್ಟಾಗ ಅದು ಬಿಚ್ಚಿಕೊಳ್ಳುವಷ್ಟನ್ನು ಲೆಕ್ಕ ಹಿಡಿದು, ಕೇಕ್ ಮಾಡುವ ಓವನ್ನಿನಲ್ಲಿ 230 ಡಿಗ್ರಿಗೆ ಅರ್ಧ ಗಂಟೆ ಇಟ್ಟರೆ ಆಕಾರ ನಿಲ್ಲುತ್ತದೆ. ಕಡ್ಡಿಯ ಅಳತೆ ನೀವೇ ಕಂಡುಕೊಳ್ಳಬೇಕು, ನನಗೆ ಅದಕ್ಕೇ ಒಂದು ಬೇಸಿಗೆ ಹಿಡಿಯಿತು. ಮೂವತ್ತು ರೂಪಾಯಿಯ ತಂತಿಯಲ್ಲಿ ಇಡೀ ತಂಡಕ್ಕೆ ಸಾಕಾಗುವಷ್ಟು ಸ್ಪ್ರಿಂಗ್. ಸಿಯರ್ ಸ್ಪ್ರಿಂಗ್ ಮಾತ್ರ ಕಂಪನಿಯದ್ದೇ. ಅದು ಕೈಕೊಟ್ಟರೆ ಹ್ಯಾಮರ್ ತಾನಾಗಿ ಜಾರುತ್ತದೆ, ಮಕ್ಕಳ ಕೈಯಲ್ಲಿರುವ ಪಿಸ್ತೂಲಿನಲ್ಲಿ ಆ ಪ್ರಯೋಗ ಬೇಡ.

2024ರಲ್ಲಿ ಪ್ಯಾರಿಸ್‌ನಲ್ಲಿ ಮನು ಭಾಕರ್ ಕಂಚು ಗೆದ್ದ ಮೇಲೆ ನಮ್ಮಲ್ಲಿಗೂ ಹೊಸ ಮಕ್ಕಳು ಬಂದಿದ್ದಾರೆ. ಅವರ ತಂದೆತಾಯಿಯರಿಗೆ ನಾನು ಹೇಳುವುದು 2021ರ ಟೋಕಿಯೊದ ಕಥೆ: ಅದೇ ಮನು ಅರ್ಹತಾ ಸುತ್ತಿನ ನಡುವೆ ಪಿಸ್ತೂಲು ಕೆಟ್ಟು ಅಮೂಲ್ಯ ನಿಮಿಷಗಳನ್ನು ಕಳೆದುಕೊಂಡರು, ಫೈನಲ್ ಕೈತಪ್ಪಿತು. ಒಂದೂವರೆ ಲಕ್ಷದ ಪಿಸ್ತೂಲು ಕೊಡಿಸುವವರು ಮುನ್ನೂರು ರೂಪಾಯಿಗೆ ಚೌಕಾಸಿ ಮಾಡುವುದು ಆಮೇಲೆ ಸ್ವಲ್ಪ ಕಡಿಮೆಯಾಗುತ್ತದೆ.

ಪಿಸ್ತೂಲು ಇಡುವ ಪೆಟ್ಟಿಗೆಯಲ್ಲಿ ಹುರಿದ ಅಕ್ಕಿ ಇಟ್ಟು ನೋಡಿದೆ. ಒಂದೆರಡು ದಿನ ತೇವ ಇಳಿಯಿತು, ಆಮೇಲೆ ಅಕ್ಕಿಯ ಹಿಟ್ಟು ಟ್ರಿಗರಿಗೆ ಹೊಕ್ಕಿತು, ಇರುವೆಯೂ ಬಂತು. ಈಗ ಸಿಲಿಕಾ ಜೆಲ್, ಅರ್ಧ ಕಿಲೋಗೆ ಇನ್ನೂರರ ಆಸುಪಾಸು. ಬಣ್ಣ ಬದಲಾದಾಗ ಅದೇ ಓವನ್ನಿನಲ್ಲಿ ಒಣಗಿಸಿ ಮತ್ತೆ ಬಳಸುತ್ತೇನೆ. ಮುನ್ನೂರು ರೂಪಾಯಿಯ ತೇವಮಾಪಕ ಪೆಟ್ಟಿಗೆಯೊಳಗೆ 40ರ ಸುತ್ತಮುತ್ತ ತೋರಿಸುತ್ತದೆ, ಹೊರಗೆ 90. ಈ ಜೂನ್‌ನಿಂದ ತೊಳೆದ ಎರಡು ಸ್ಪ್ರಿಂಗುಗಳನ್ನು ಎಣ್ಣೆಯೇ ಇಲ್ಲದೆ ಆ ಪೆಟ್ಟಿಗೆಯಲ್ಲಿ ನೇತುಹಾಕಿದ್ದೇನೆ. ತೊಳೆಯದ, ಆದರೆ ಚೆನ್ನಾಗಿ ಎಣ್ಣೆ ಬಿಟ್ಟ ಎರಡು ಅವುಗಳ ಪಕ್ಕದಲ್ಲಿವೆ. ಎಣ್ಣೆಯವುಗಳಲ್ಲಿ ಒಂದರ ಮೇಲೆ ಆಗಲೇ ಕೆಂಪು ಚುಕ್ಕಿ ಎದ್ದಿದೆ. ತೊಳೆದವುಗಳ ಮೇಲೆ ಮಸೂರದಲ್ಲೂ ಏನೂ ಕಾಣುತ್ತಿಲ್ಲ. ನಂಬದವರು ದೀಪಾವಳಿಯೊಳಗೆ ಬಂದು ನೋಡಬಹುದು, ಅಲ್ಲಿಯವರೆಗೆ ಅವುಗಳನ್ನು ತೆಗೆಯುವುದಿಲ್ಲ.