ಮೊದಲು ದನಿ, ಆಮೇಲೆ ಫೋಟೊ

ಮುಂಬಯಿ ಪಕ್ಕದ ಡೊಂಬಿವಲಿಯ ಫೋಟೊಗ್ರಾಫರ್ ಮಿತ್ರರೆಲ್ಲ ಒಂದೇ ಮಾತು ಹೇಳುತ್ತಿದ್ದರು: "ಡ್ರೋನ್ ಹಾರಿಸುವ ಕಾಲದಲ್ಲಿ ಹಳೆಯ ಫೋಟೊಗಳ ವಿಡಿಯೊಗೆ ದುಡ್ಡು ಕೊಡುವವರು ಯಾರು ಮಾರಾಯರೇ?" ಮೊನ್ನೆ ಮಾಟುಂಗಾದ ಷಷ್ಟ್ಯಬ್ದಿಯೊಂದರಲ್ಲಿ ನನ್ನ ಒಂಬತ್ತು ನಿಮಿಷದ ವಿಡಿಯೊ ಶುರುವಾದಾಗ ಊಟಕ್ಕೆ ಎದ್ದವರು ಮರಳಿ ಕುಳಿತರು. ಅದರಲ್ಲಿದ್ದದ್ದು ಮೂವತ್ತು ಚಿಲ್ಲರೆ ಫೋಟೊಗಳು ಮತ್ತು ಒಬ್ಬ ಅಜ್ಜಿಯ ದನಿ.

ಮೊದಲು ನಾನೂ ಎಲ್ಲರಂತೆ ನೂರೈವತ್ತು ಫೋಟೊ ಜೋಡಿಸಿ, ತಲಾ ಮೂರು ಸೆಕೆಂಡ್ ಇಟ್ಟು, ಸಿನಿಮಾ ಹಾಡು ಹಾಕುತ್ತಿದ್ದೆ. ಮೂರು ಸಾವಿರಕ್ಕಿಂತ ಹೆಚ್ಚು ಯಾರೂ ಕೊಡಲಿಲ್ಲ. ಒಂದು ಮನೆಯವರು ಅರ್ಧ ಕೊಟ್ಟು ಫೋನ್ ಎತ್ತುವುದನ್ನೇ ನಿಲ್ಲಿಸಿದರು. ಅಂತರ್ಜಾಲಕ್ಕೆ ಹಾಕಿದರೆ ಹಾಡಿನ ಹಕ್ಕುಸ್ವಾಮ್ಯದ ತಕರಾರು ಬಂದು ವಿಡಿಯೊ ಮೂಕವಾಗುತ್ತಿತ್ತು.

ಈಗ ದನಿ ಸಿದ್ಧವಾಗುವ ತನಕ ಟೈಮ್‌ಲೈನ್‌ಗೆ, ಅಂದರೆ ಎಡಿಟಿಂಗ್‌ನಲ್ಲಿ ಚಿತ್ರ, ಸದ್ದು ಜೋಡಿಸುವ ಪಟ್ಟಿಗೆ, ಒಂದು ಫೋಟೊವನ್ನೂ ತರುವುದಿಲ್ಲ. ಹಿರಿಯರನ್ನು ಮಲಗುವ ಕೋಣೆಯಲ್ಲಿ ಕೂರಿಸಿ, ಫ್ಯಾನ್ ನಿಲ್ಲಿಸಿ, ಸೀರೆ ತುಂಬಿದ ಕಪಾಟಿನ ಬಾಗಿಲು ತೆರೆದಿಡುತ್ತೇನೆ. ಪ್ರತಿಧ್ವನಿಯನ್ನು ಸೀರೆಗಳೇ ನುಂಗುತ್ತವೆ. ಆಲ್ಬಮ್ ಕೈಗೆ ಕೊಟ್ಟು ಸುಮ್ಮನಿರುತ್ತೇನೆ. ಕೊನೆಗೆ ಖಾಲಿ ಕೋಣೆಯ ಸದ್ದನ್ನೂ ಎರಡು ನಿಮಿಷ ಹಿಡಿಯುತ್ತೇನೆ, ಮಾತು ಕತ್ತರಿಸಿದ ಕಡೆ ತೇಪೆ ಹಾಕಲು. ರೆಕಾರ್ಡರ್‌ಗೆ ಒಂಬತ್ತು ಸಾವಿರ, ಲ್ಯಾಮಿಂಗ್ಟನ್ ರಸ್ತೆಯಲ್ಲಿ ಕೊಂಡ ಹಳೆಯ ಸ್ಕ್ಯಾನರ್‌ಗೆ ನಾಲ್ಕು ಸಾವಿರದ ಆಸುಪಾಸು. ಎಡಿಟಿಂಗ್‌ಗೆ ಡಾವಿಂಚಿ ರಿಸಾಲ್ವ್ ಎಂಬ ತಂತ್ರಾಂಶದ ಉಚಿತ ಆವೃತ್ತಿಯೇ ಧಾರಾಳ.

ಸದ್ದು ಚಿತ್ರಕ್ಕಿಂತ ಒಂದೆರಡು ಸೆಕೆಂಡ್ ಮೊದಲೇ ಬರಬೇಕು, ಅದೂ ಸರಿಯಾದ ಸದ್ದು. ಎಂಬತ್ತರ ದಶಕದಲ್ಲಿ ಉಡುಪಿಯಿಂದ ಮುಂಬಯಿಗೆ ಬಸ್ಸು ಹತ್ತಿ ಬಂದವರ ಕಥೆಗೆ ರೈಲಿನ ಸದ್ದು ಹಾಕಿದರೆ ಹಿರಿಯರು ತಕ್ಷಣ ಹಿಡಿಯುತ್ತಾರೆ. ಕೊಂಕಣ ರೈಲುಮಾರ್ಗ ಪೂರ್ತಿ ತೆರೆದದ್ದೇ 1998ರಲ್ಲಿ. ಘಟ್ಟ ಹತ್ತುವ ಬಸ್ಸಿನ ಗೇರ್ ಸದ್ದು ಕೇಳಿಸಿದ ಮೇಲೆ, ಟ್ರಂಕ್ ಹಿಡಿದ ಹುಡುಗನ ಫೋಟೊ ಹದಿನೈದು ಸೆಕೆಂಡ್ ನಿಂತರೂ ಸಭೆ ಮಿಸುಕುವುದಿಲ್ಲ.

4×6 ಇಂಚಿನ ಪ್ರಿಂಟನ್ನು 600 ಡಿಪಿಐಗೆ (ಇಂಚಿಗೆ 600 ಚುಕ್ಕಿ) ಸ್ಕ್ಯಾನ್ ಮಾಡಿದರೆ ಉದ್ದಕ್ಕೆ 3600 ಪಿಕ್ಸೆಲ್ ಸಿಗುತ್ತದೆ; 1920 ಪಿಕ್ಸೆಲ್ ಅಗಲದ ವಿಡಿಯೊ ಚೌಕಟ್ಟಿನಲ್ಲಿ ಮುಖದ ಹತ್ತಿರ ಹೋದರೂ ಚಿತ್ರ ಒಡೆಯುವುದಿಲ್ಲ. ಮೇಲ್ಮೈ ಸಣ್ಣಗೆ ಉಬ್ಬುತಗ್ಗಾಗಿರುವ ಸಿಲ್ಕ್ ಕಾಗದದ ಪ್ರಿಂಟುಗಳು ಮಾತ್ರ ಚುಕ್ಕಿ ಚುಕ್ಕಿಯಾಗಿ ಮಿನುಗುತ್ತವೆ. ಅವನ್ನು ತಲೆಕೆಳಗು ಮಾಡಿ ಇನ್ನೊಮ್ಮೆ ಸ್ಕ್ಯಾನ್ ಮಾಡಿ, ತಿರುಗಿಸಿ, ಮೊದಲಿನದರ ಮೇಲೆ ಅರ್ಧ ಪಾರದರ್ಶಕವಾಗಿ ಕೂರಿಸುತ್ತೇನೆ. ಮಿನುಗು ಬಹುಪಾಲು ಹೋಗುತ್ತದೆ.

ಫೋಟೊದ ವ್ಯಕ್ತಿಯನ್ನು ಹಿನ್ನೆಲೆಯಿಂದ ಕತ್ತರಿಸಿ, ಎರಡೂ ಬೇರೆಬೇರೆ ವೇಗದಲ್ಲಿ ಚಲಿಸುವಂತೆ ಮಾಡಿಯೂ ನೋಡಿದೆ. ಒಂದು ಫೋಟೊಗೆ ಒಂದಿಡೀ ರಾತ್ರಿ ಹೋಯಿತು. "ನಮ್ಮ ಅಪ್ಪಯ್ಯನನ್ನು ರಟ್ಟಿನ ಬೊಂಬೆ ಮಾಡಿದಿರಲ್ಲ" ಎಂದರು ಮನೆಯವರು. ಅಲ್ಲಿಗೆ ಬಿಟ್ಟೆ.

ಮಾತಿನ ಯಾವ ಜಾಗದಲ್ಲಿ ಫೋಟೊದ ಚಲನೆ ನಿಲ್ಲಿಸುತ್ತೇನೆ ಎಂಬುದನ್ನು ಬರೆಯುವುದಿಲ್ಲ, ಅದು ನನ್ನ ಅನ್ನ. ದರ ಈಗ ಹದಿನಾಲ್ಕು, ಹದಿನೈದು ಸಾವಿರ. ಅರ್ಧ ಮುಂಗಡ, ಮಿಕ್ಕದ್ದು ಪೆನ್‌ಡ್ರೈವ್ ಕೊಡುವ ಮೊದಲು.