ಗಿಡ್ಡ ಹಳೆ ಸ್ನೇರ್ ಡ್ರಮ್ಮಿಗೆ ದನಿ ತರುವುದು ಹೇಗೆ?

ಮೂರು-ನಾಲ್ಕು ಇಂಚು ಎತ್ತರದ, ಕೆಳಗೆ ತಂತಿ ಕಟ್ಟಿದ ಹಳೆಯ ಸ್ನೇರ್ ಡ್ರಮ್ ಕೈಗೆ ಸಿಕ್ಕಿದ ಕೂಡಲೇ ತುಂಬಾ ಜನ ಮಾಡುವ ಕೆಲಸ ಒಂದೇ. ಮೇಲಿನ ಹೆಡ್ಡನ್ನು, ಅಂದರೆ ಬಾರಿಸುವ ಪೊರೆಯನ್ನು, ಕೀ (ಬಿಗಿ ಮಾಡುವ ಚಾವಿ) ತಿರುಗುವಷ್ಟೂ ಬಿಗಿ ಮಾಡುತ್ತಾರೆ. ತಗಡಿನ ಡಬ್ಬ ಬಡಿದ ಹಾಗೆ ಸದ್ದು ಬರುತ್ತದೆ. ಆಗ ಟೇಪ್ ಅಂಟಿಸುತ್ತಾರೆ. ಕೊನೆಗೆ ಇದರಲ್ಲಿ ದನಿಯೇ ಇಲ್ಲ ಅಂತ ಮೂಲೆಗೆ ಇಡುತ್ತಾರೆ. ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಗಿಡ್ಡ ಡ್ರಮ್ಮಿನಲ್ಲಿ ಎರಡು ಹೆಡ್‌ಗಳ ನಡುವೆ ಗಾಳಿ ಕಡಿಮೆ. ಮೇಲೆ ಬೆರಳು ತಾಗಿಸಿದರೂ ಕೆಳಗಿನ ತಂತಿಗೆ ಗೊತ್ತಾಗುತ್ತದೆ. ಹಾಗಾಗಿ ಇದರ ದನಿ ಇರುವುದು ಕೆಳಗಿನ ಹೆಡ್‌ನಲ್ಲಿ. ಕೆಲಸವೂ ಅಲ್ಲಿಂದಲೇ ಶುರುವಾಗಬೇಕು.

ಮೊದಲು ಎಲ್ಲ ಬಿಚ್ಚಿ ಒರೆಸಿ. ಹೆಡ್ ಬಿಗಿ ಮಾಡುವ ತಿರುಪಿನ ರಾಡ್‌ಗಳಿಗೆ ಒಂದೊಂದು ಹನಿ ಎಣ್ಣೆ ಬಿಡಿ. ಸಮತಟ್ಟಾದ ಗಾಜಿನ ಮೇಲೆ ಶೆಲ್ (ಡ್ರಮ್ಮಿನ ಬರಿ ಮೈ) ಇಟ್ಟು, ಒಳಗೆ ಟಾರ್ಚ್ ಹಚ್ಚಿ, ಕೋಣೆಯ ದೀಪ ಆರಿಸಿ ನೋಡಿ. ಕೆಳಗಿನ ಅಂಚಿನಲ್ಲಿ ಎದುರುಬದುರು ಎರಡು ಕಡೆ ಬೆಳಕು ಸೋರುತ್ತದೆ. ಅದು ಸವೆತ ಅಲ್ಲ, ತಂತಿ ಹಾದುಹೋಗಲು ಮಾಡಿದ ತಗ್ಗು. ಇದನ್ನೇ ಸ್ನೇರ್ ಬೆಡ್ ಅನ್ನುತ್ತಾರೆ. ಅಂಚು ಸಮ ಮಾಡುತ್ತೇನೆ ಅಂತ ಒಬ್ಬರು ಮರಳು ಕಾಗದ ಹಿಡಿದು ಆ ತಗ್ಗನ್ನೇ ಉಜ್ಜಿ ತೆಗೆದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಇನ್ನು ಹೆಡ್ ಆರಿಸುವುದು. ಪ್ಲಾಸ್ಟಿಕ್ ಹೆಡ್ ಮಾರುಕಟ್ಟೆಗೆ ಬಂದದ್ದು 1950ರ ದಶಕದ ಕೊನೆಯಲ್ಲಿ. ಅದಕ್ಕಿಂತ ಹಳೆಯ ಡ್ರಮ್‌ಗಳನ್ನು ಕರುವಿನ ಚರ್ಮಕ್ಕೆಂದೇ ಮಾಡಿದ್ದರು. ಕೆಲವು ಶೆಲ್‌ಗಳ ಸುತ್ತಳತೆ ಕೂದಲೆಳೆಯಷ್ಟು ಜಾಸ್ತಿ. ಹೊಸ ಹೆಡ್ಡನ್ನು ಸುಮ್ನೆ ಮೇಲಿಟ್ಟು ತಿರುಗಿಸಿ ನೋಡಿ. ಸಲೀಸಾಗಿ ತಿರುಗಿದರೆ ಸರಿ. ಸಿಕ್ಕಿಕೊಂಡರೆ ಒತ್ತಿ ಕೂರಿಸಬೇಡಿ, ಬೇರೆ ಕಂಪನಿಯದು ನೋಡಿ. ಕೆಳಗೆ 3 ಮಿಲ್ ದಪ್ಪದ ಸ್ನೇರ್ ಸೈಡ್ ಹೆಡ್ಡೇ ಬೇಕು. ಒಂದು ಮಿಲ್ ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ. ಮೇಲೆ 10 ಮಿಲ್‌ನ ಒಂದೇ ಪದರದ, ಬಿಳಿ ಲೇಪನದ ಹೆಡ್. ಎರಡು ಪದರದ್ದು, ನಡುವೆ ಎಣ್ಣೆ ತುಂಬಿದ್ದು ಬೇಡವೇ ಬೇಡ. ಅವು ಮೆಲ್ಲಗೆ ಬಾರಿಸಿದ ಪೆಟ್ಟನ್ನೆಲ್ಲ ನುಂಗಿಬಿಡುತ್ತವೆ. ಹೆಸರಿಲ್ಲದ ಅಗ್ಗದ ಹೆಡ್ ಕೂಡ ಬೇಡ. ನಾನು ಒಮ್ಮೆ ಹಾಕಿದ್ದು ಎರಡನೇ ದಿನವೇ ತನ್ನ ಬಳೆಯಿಂದ ಕಿತ್ತು ಬಂತು.

ಈಗ ಕೆಳಗಿನ ಹೆಡ್. ಇಲ್ಲಿ ಆತುರ ಬೇಡ. ದಪ್ಪ ಟವೆಲ್ ಮೇಲೆ ಡ್ರಮ್ಮನ್ನು ಕವುಚಿ ಇಡಿ. ಹೆಡ್ಡನ್ನು ಒತ್ತಿ ಹಿಡಿಯುವ ಸುತ್ತುಪಟ್ಟಿಯಾದ ರಿಮ್‌ನಲ್ಲಿ ತಂತಿಗೆಂದು ಬಿಟ್ಟ ಕಿಂಡಿಗಳು ಬೆಡ್‌ಗಳ ಮೇಲೆ ನೆಟ್ಟಗೆ ಬರಲಿ. ರಾಡ್‌ಗಳನ್ನು ಬರಿ ಬೆರಳಿನಲ್ಲಿ, ರಿಮ್ಮಿಗೆ ತಾಗುವವರೆಗೆ ಮಾತ್ರ ತಿರುಗಿಸಿ. ಆಮೇಲೆ ಕೀ ತಗೊಳ್ಳಿ. ಒಂದು ರಾಡ್, ನಂತರ ಅದರ ನೇರ ಎದುರಿನದು, ಹೀಗೆ ಕಾಲು ಸುತ್ತು, ಕಾಲು ಸುತ್ತು. ಎರಡು ಮೂರು ಸಲ ಆದ ಮೇಲೆ ಬೆಳಕಿಗೆ ಹಿಡಿದು ನೋಡಿ. ಬಾಕಿ ಕಡೆ ಹೆಡ್ ನಯವಾಗಿರುತ್ತದೆ, ಬೆಡ್‌ಗಳ ಹತ್ತಿರ ಮಾತ್ರ ಸಣ್ಣ ಸುಕ್ಕು ಉಳಿದಿರುತ್ತದೆ. ತಗ್ಗಿನಲ್ಲಿ ಹೆಡ್ ಇನ್ನೂ ಕೂತಿಲ್ಲ ಅಂತ ಅರ್ಥ. ಬೆಡ್‌ನ ಎಡಬಲದ ರಾಡ್‌ಗಳಿಗೆ ಮಾತ್ರ ಅರೆಕಾಲು ಸುತ್ತು ಕೊಡಿ, ಸುಕ್ಕು ಹೋಗುವವರೆಗೆ. ಅಂಗೈಯಿಂದ ಒತ್ತಬೇಡಿ, ಇದು ತೀರಾ ತೆಳು.

ಆಮೇಲೆ ಪ್ರತಿ ರಾಡಿನ ಹತ್ತಿರ, ಅಂಚಿನಿಂದ ಒಂದಿಂಚು ಒಳಗೆ ಬೆರಳ ತುದಿಯಿಂದ ತಟ್ಟಿ ಕೇಳಿ. ಒಂದು ಕಡೆ ಶ್ರುತಿ ಇಳಿದಿದ್ದರೆ ಅಲ್ಲಿ ಕೂದಲೆಳೆಯಷ್ಟು ಏರಿಸಿ, ಎದುರಿನದನ್ನೂ ಮತ್ತೆ ಕೇಳಿ. ಎಲ್ಲ ಕಡೆ ಒಂದೇ ದನಿ ಬಂದ ಮೇಲೆ ಸುತ್ತು ಹಾಕುತ್ತಾ ಒಟ್ಟಿಗೆ ಏರಿಸಿ. ನಡುವೆ ಹೆಬ್ಬೆರಳು ಮೆಲ್ಲಗಿಟ್ಟರೆ ಚೂರೇ ಚೂರು ತಗ್ಗಬೇಕು, ಅಲ್ಲಿಗೆ ನಿಲ್ಲಿಸಿ. ಹಳೆಯ ತೆಳು ರಿಮ್ ರಾಡ್‌ಗಳ ಹತ್ತಿರ ಬಾಗಲು ಶುರುವಾದರೆ ಅದಕ್ಕೂ ಮುಂಚೆಯೇ ನಿಲ್ಲಿಸಿ. ರಾಡಿನ ಬಿಗಿ ಅಳೆಯುವ ಕೀ ಸಿಗುತ್ತದೆ, ಅದನ್ನು ಇಲ್ಲಿ ನಂಬಬೇಡಿ. ತುಕ್ಕು ಹಿಡಿದ ತಿರುಪಿನಲ್ಲಿ ಅದು ಅಳೆಯುವುದು ತುಕ್ಕನ್ನೇ.

ಕೆಲವು ತುಂಬಾ ಹಳೆಯ ಡ್ರಮ್‌ಗಳಲ್ಲಿ ಎರಡೂ ರಿಮ್ಮಿಗೆ ಸೇರಿ ಒಂದೇ ಉದ್ದನೆಯ ರಾಡ್ ಇರುತ್ತದೆ. ಅಲ್ಲಿ ಮೇಲೊಂದು ಕೆಳಗೊಂದು ಬಿಗಿ ಮಾಡಲು ಆಗುವುದಿಲ್ಲ. ಆದರೂ ಬಿಗಿ ಒಂದೇ ಇದ್ದಾಗ ತೆಳು ಹೆಡ್ಡಿನ ಶ್ರುತಿಯೇ ಮೇಲಿರುತ್ತದೆ, ಅಲ್ವಾ? ಹಾಗಾಗಿ ಹೆಡ್ ಸರಿಯಾಗಿ ಆರಿಸಿದರೆ ಅರ್ಧ ಕೆಲಸ ಮುಗಿದ ಹಾಗೆ.

ತಂತಿಗೆ 20 ಎಳೆ ಸಾಕು. ಎರಡೂ ಅಂಚಿನಿಂದ ಒಂದೇ ದೂರದಲ್ಲಿ, ನಡುಮಧ್ಯ ಕಟ್ಟಿ. ಮೇಲಿನ ಹೆಡ್ಡೂ ಕೂತ ಮೇಲೆ ಸ್ಟ್ರೈನರ್ (ತಂತಿ ಬಿಗಿ-ಸಡಿಲ ಮಾಡುವ ಸಾಧನ) ಸಡಿಲ ಬಿಟ್ಟು, ಮೇಲೆ ಮೆಲ್ಲಗೆ ತಟ್ಟುತ್ತಾ ಬಿಗಿ ಮಾಡುತ್ತಾ ಹೋಗಿ. ಗಲಗಲ ಹೋಗಿ ಚುರುಕು ಸದ್ದು ಬಂದ ಜಾಗದಲ್ಲೇ ಬಿಡಿ.

ಮೇಲಿನ ಹೆಡ್ಡಿಗೂ ಇದೇ ಕ್ರಮ, ಆದರೆ ಹದವಾದ ಬಿಗಿ. ಕೆಳಗಿನದಕ್ಕಿಂತ ಅದರ ಶ್ರುತಿ ಕೆಳಗಿರಲಿ.

ಪಕ್ಕದ ಟಾಮ್ (ತಂತಿಯಿಲ್ಲದ ಇನ್ನೊಂದು ಡ್ರಮ್) ಬಾರಿಸಿದಾಗ ತಂತಿ ಗುಯ್ಯೆಂದರೆ ಸ್ನೇರ್‌ನ ಮೇಲಿನ ಹೆಡ್ಡಿಗೆ ಟೇಪ್ ಹಚ್ಚುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಟಾಮ್‌ನ ಶ್ರುತಿಯನ್ನು ಸ್ವಲ್ಪ ಏರಿಸಿ ಅಥವಾ ಇಳಿಸಿ. ಇಲ್ಲವೇ ಬೆಡ್ ಪಕ್ಕದ ಕೆಳಗಿನ ರಾಡ್‌ಗಳನ್ನು ಚೂರು ಸಡಿಲಿಸಿ. ಹೊಸ ಹೆಡ್ ಒಂದು ರಾತ್ರಿಯಲ್ಲಿ ಹಿಗ್ಗುತ್ತದೆ. ಮಾರನೇ ದಿನ ಮತ್ತೊಮ್ಮೆ ಕೆಳಗಿನಿಂದಲೇ ತಟ್ಟಿ ಕೇಳಿ, ಇಳಿದಷ್ಟನ್ನು ಏರಿಸಿಕೊಳ್ಳಿ.